ಕಾಲು ಭಾಗ

ಮಾಚೇನಹಳ್ಳಿಯ ಶೆಡ್ಡಿನಲ್ಲಿ ನನ್ನದು ಅಳೆಯುವ ಕೆಲಸ.
ಇಪ್ಪತ್ತು ಡಿಗ್ರಿಗೆ ತಣಿಸಿಟ್ಟ ಕೋಣೆ, ಗ್ರಾನೈಟಿನ ಮೇಜು,
ಕೈಗೆ ಹತ್ತಿಯ ಗವಸು, ಮೈಕ್ರೊಮೀಟರು.
ಗಾಜಿನಾಚೆ ಲೇತು, ಲೇತಿನ ಮುಂದೆ ಹಾಲಸ್ವಾಮಿ.
ಭದ್ರಾವತಿಯ ಕುಲುಮೆ ಆರಿದ ಮೇಲೆ ಇಲ್ಲಿಗೆ ಬಂದವರು,
ಉಕ್ಕಿನ ಸುರುಳಿಯ ಬಣ್ಣ ನೋಡಿಯೇ
ಬಿಸಿ ಎಷ್ಟೆಂದು ಹೇಳುವವರು.

ಟ್ರಾಕ್ಟರಿನ ಪಿನ್ನು, ಲಾರಿಯ ಬುಷ್ಷು, ಇವೇ ನಮ್ಮ ಅನ್ನ.
ಆ ಸಲ ಬಂದದ್ದು ಬೇರೆ:
ಹನ್ನೆರಡೇ ಹನ್ನೆರಡು ತುಂಡು.
ನಕ್ಷೆಯ ಮೂಲೆಯಲ್ಲಿ ದೇಶದ ಹೆಸರಿಲ್ಲ,
ಹೇಳಬಾರದೆಂದು ಕರಾರು ಬಾಯಿ ಕಟ್ಟಿತ್ತು.
ವಿಮಾನದ ಕಾಲಿಗೆ, ಎಂದರು ಮಾಲೀಕ ಪೈ,
ಇಳಿಯುವಾಗ ನೆಲದ ಪೆಟ್ಟು ತಿನ್ನುವ ಕಾಲಿಗೆ.
"ಹನ್ನೆರಡು ತುಂಡಿಗೆ ಯಾರು ಸೆಟ್ಟಿಂಗ್ ಮಾಡ್ತಾರೆ ಸ್ವಾಮಿ"
ಗೊಣಗಿದರು ಹಾಲಸ್ವಾಮಿ,
ಗೊಣಗುತ್ತಲೇ ಹೊಸ ಟೂಲು ಕಟ್ಟಿದರು.

ಮೂರನೇ ವಾರ ಸೋಗಾನೆಯಲ್ಲಿ ಇಳಿದು ಒಬ್ಬ ಅಧಿಕಾರಿ ಬಂದ.
ಸಣ್ಣ ಆಳು, ಇಸ್ತ್ರಿಯ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು.
ಅದನ್ನು ಕಂಡ ಮೇಲೆಯೇ ಹಾಲಸ್ವಾಮಿ ಕೈ ಕುಲುಕಿದ್ದು.
ಜೇಬಿನಿಂದ ಒಂದು ಫೋಟೊ ತೆಗೆದ:
ಹವಳದ ಪುಡಿಯ ಬಿಳಿ ರನ್‌ವೇ, ಹಿಂದೆ ಕಡಲು,
ನಾಲ್ಕು ವಿಮಾನ, ಮೂವತ್ತೊಂದು ಜನ, ಒಂದು ನಾಯಿ.
"ಇದರಲ್ಲಿ ನಿಮ್ಮ ವಾಯುಪಡೆ ಎಷ್ಟು?"
"ಇಷ್ಟೇ. ಎಲ್ಲರೂ ಇದ್ದಾರೆ.
ನಾಯಿ ಹಿಡಿದವನು ಅಡುಗೆಯವನು."

ಮೊದಲನೆಯದನ್ನು ದೊಡ್ಡ ದೇಶವೊಂದು ದಾನ ಕೊಟ್ಟಿತಂತೆ,
ಕೈಪಿಡಿ ಕೊಡಲಿಲ್ಲವಂತೆ.
ಎರಡನೆಯದು ಮೀನಿನ ಸುಂಕದ ದುಡ್ಡು.
ಮೂರನೆಯದನ್ನು ಎರಡು ಮುರುಕು ವಿಮಾನ ಬೆಸೆದು ಇವನೇ ಕಟ್ಟಿದ್ದಂತೆ,
ಎಡ ರೆಕ್ಕೆ ಬಲ ರೆಕ್ಕೆಗಿಂತ ಹತ್ತು ವರ್ಷ ದೊಡ್ಡದು.
ನಾಲ್ಕನೆಯದು ಒಂದು ಕಾಲು ಬಿಚ್ಚಿಸಿಕೊಂಡು
ಮರದ ದಿಮ್ಮಿಯ ಮೇಲೆ ಕೂತಿತ್ತು.
ಏನು ಹೊರುತ್ತವೆ, ಕೇಳಿದೆ.
ಬಸುರಿಯರನ್ನು, ಎಂದ. ಔಷಧಿ, ಅಂಚೆ, ಮತಪೆಟ್ಟಿಗೆ.
ರೆಕ್ಕೆಯಡಿಯ ಈ ಕೊಂಡಿ?
ಅವನು ಫೋಟೊ ಒರೆಸಿ ಜೇಬಿಗಿಟ್ಟ.

ಐದನೇ ತುಂಡು ನಾಲ್ಕು ಮೈಕ್ರಾನು ಹೆಚ್ಚಿತ್ತು.
ಮೂರು ಸಲ ಅಳೆದೆ. ಒರೆಸಿ ಅಳೆದೆ.
"ಒಂದು ಕೂದಲನ್ನ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಕಣಮ್ಮ,
ಟ್ರಾಕ್ಟರಾಗಿದ್ದರೆ ಕೇಳ್ತಿದ್ಯಾ?" ಎಂದರು ಪೈ.
ಅಧಿಕಾರಿ ನನ್ನ ಮುಖ ನೋಡಿದ, ತುಂಡಿನದ್ದಲ್ಲ.
"ದೊಡ್ಡ ದೇಶದಲ್ಲಿ ಒಂದು ಬಿದ್ದರೆ ಪೇಪರಿನಲ್ಲಿ ಬರುತ್ತದೆ.
ನಮ್ಮಲ್ಲಿ ಒಂದು ಬಿದ್ದರೆ ನಾಲ್ಕರಲ್ಲಿ ಒಂದು ಇಲ್ಲ."
ನಾನು ಹಾಲಸ್ವಾಮಿಗೆ ಕನ್ನಡದಲ್ಲಿ ಹೇಳಿದೆ:
ಕಾಲು ಭಾಗ ಹೋಗತ್ತಂತೆ.
"ಕಾಲು ಹೋದ್ರೆ ಕಾಲು ಹೋಯ್ತು" ಎಂದುಬಿಟ್ಟರು ಅವರು,
ಎಂದದ್ದು ತಮಗೇ ಕೇಳಿಸಿ ನಕ್ಕರು,
ನಾನೂ ನಕ್ಕೆ, ಅವನು ಯಾಕೆಂದು ಕೇಳಿದ,
ಡಿಪ್ಲೊಮಾದ ಇಂಗ್ಲಿಷಿನಲ್ಲಿ ಅದಕ್ಕೆ ದಾರಿ ಇರಲಿಲ್ಲ.

ತುಂಡಿಗೆ ಕೆಂಪು ಬಳಿದೆ.
ಆ ರಾತ್ರಿ ಹಾಲಸ್ವಾಮಿ ಓವರ್‌ಟೈಮ್ ಬರೆಸದೆ
ಇನ್ನೊಂದು ತಿರುವಿದರು.
ಕೆಂಪಿನದು ಈಗ ಕ್ಯಾಂಟೀನಿನ ಬಾಗಿಲಿಗೆ ಒತ್ತು,
ಗಾಳಿಗೆ ಬಾಗಿಲು ಬಡಿಯುವುದಿಲ್ಲ.

ಎರಡು ವರ್ಷದ ಮೇಲೆ ಮತ್ತೆ ನಕ್ಷೆ ಬಂತು,
ತುಂಡು ನಲವತ್ತೆಂಟು. ಜೊತೆಗೆ ಒಂದು ಫೋಟೊ.
ರನ್‌ವೇಗೆ ಡಾಂಬರು ಬಿದ್ದಿದೆ. ಎಂಟು ವಿಮಾನ,
ಜನ ಚೌಕಟ್ಟಿನಾಚೆಗೂ ನಿಂತಿರಬೇಕು,
ತುದಿಯವನ ಅರ್ಧ ಭುಜ ಮಾತ್ರ ಇದೆ.
ಕೊಂಡಿಗಳಲ್ಲಿ ಏನೋ ತೂಗುತ್ತಿದೆ, ಹಸಿರು ಟಾರ್ಪಾಲು ಮುಚ್ಚಿದ್ದಾರೆ.
ಪೈ ಸಿಹಿ ತರಿಸಿದರು.
ನಾನು ಟಾರ್ಪಾಲಿನ ಉದ್ದವನ್ನು
ಪಕ್ಕದ ಮನುಷ್ಯನ ಎತ್ತರಕ್ಕೆ ಹಿಡಿದು ಅಳೆಯುತ್ತಿದ್ದೆ,
ಚಟ.

"ಎಂಟರಲ್ಲಿ ಒಂದು ಅಂದರೆ ಎಷ್ಟು ಹಾಲಸ್ವಾಮಿ?"
"ಅರೆಕಾಲು" ಎಂದರು,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ತಟ್ಟನೆ.
ಕನ್ನಡಕ ಹಣೆಗೇರಿಸಿ, ಫೋಟೊ ಕಣ್ಣಿಗೆ ಹತ್ತಿರ ಹಿಡಿದು
ಆ ತುದಿಯಿಂದ ಈ ತುದಿಗೆ
ನಾಯಿಯನ್ನು ಹುಡುಕುತ್ತಿದ್ದರು.